ಮಾಮನ ಸ್ವರ, ನನ್ನ ವೋಲ್ಟೇಜು

ನನ್ನ ಮಾಮನ ಸ್ವರ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕು ಸುತ್ತಿದೆ. ಮಾಮ ಅದರ ಹಿಂದೆ ಹಿಂದೆ ರಿಕ್ಷಾದಲ್ಲಿ ಹೋಗಿದ್ದಾರೆ, ಅಷ್ಟೆ.

ಮಾಮ ಎಂದರೆ ನನ್ನ ಉಮ್ಮನ ಅಣ್ಣ. ಅವರೂ ಮಾಮಿಯೂ ನನ್ನನ್ನು ಕರೆಯುವುದು ಮೋನೆ, ಎಂದರೆ ಮಗನೇ ಎಂದು. ಕುಂಬ್ರದಲ್ಲಿ ಮನೆ, ಮಾಡುವುದು ಅನೌನ್ಸ್‌ಮೆಂಟ್ ಕೆಲಸ. ರಿಕ್ಷಾದ ತಲೆಯ ಮೇಲೆ ಎರಡು ಹಾರ್ನ್, ಹಿಂದಿನ ಸೀಟಿನಲ್ಲಿ ಬ್ಯಾಟರಿ ಮತ್ತು ಆಂಪ್ಲಿಫೈಯರ್, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೈಕ್. ವಾಲಿಬಾಲ್ ಪಂದ್ಯಾಟವೋ, ರಕ್ತದಾನ ಶಿಬಿರವೋ, ಹೊಸ ಜವಳಿ ಅಂಗಡಿಯೋ, ನಾಯಿಗಳಿಗೆ ಲಸಿಕೆಯೋ, ಮಾಮನ ಬಾಯಲ್ಲಿ ಬಂದ ಮೇಲೆಯೇ ಊರು ಅದನ್ನು ನಂಬುತ್ತಿತ್ತು. ಒಮ್ಮೆ ಆಲಂಕಾರಿನಲ್ಲಿ ಆಂಪ್ಲಿಫೈಯರ್ ಕೆಟ್ಟು ಹೋಗಿತ್ತಂತೆ, ಮಾಮನಿಗೂ ಗೊತ್ತಾಗಲಿಲ್ಲವಂತೆ, ಕೇಳುವವರಿಗೂ ಗೊತ್ತಾಗಲಿಲ್ಲವಂತೆ. ಈ ಕಥೆ ಕಟ್ಟಿದವನು ನಾನೇ. ಈಗ ಜನ ಅದನ್ನು ನನಗೇ ತಿರುಗಿ ಹೇಳುತ್ತಾರೆ, ತಾವು ಅಲ್ಲೇ ನಿಂತು ನೋಡಿದವರ ಹಾಗೆ.

ನನಗೆ ಎಲ್ಲರ ಸ್ವರವೂ ಬರುತ್ತದೆ. ಬಸ್ಸಿನ ಕಂಡಕ್ಟರ್, ನಮ್ಮ ಮದ್ರಸದ ಉಸ್ತಾದರು, ಮೂಗಿನಲ್ಲಿ ಮಾತಾಡುವ ಬ್ಯಾಂಕಿನವರು, ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಫೋನ್ ಮಾಡುವ ನಾನು. ಆದರೆ ಮಾಮನ ಸ್ವರ ನನ್ನ ಖಾಸಾ ಐಟಂ. ಹನ್ನೆರಡನೇ ವಯಸ್ಸಿನಲ್ಲಿ ಒಂದು ಪಂದ್ಯಾಟದ ದಿನ ಅವರು ಚಾ ಕುಡಿಯಲು ಹೋದಾಗ ಮೈಕ್ ಹಿಡಿದು, "ಆತ್ಮೀಯ ಕ್ರೀಡಾಭಿಮಾನಿಗಳೇ" ಎಂದು ಶುರು ಮಾಡಿದ್ದೆ. ಹೋಟೆಲಿನಲ್ಲಿ ಅರ್ಧ ಗ್ಲಾಸು ಚಾ ಕೈಯಲ್ಲಿದ್ದ ಮಾಮನಿಗೆ ತಾನೇ ಅಲ್ಲಿ ಮಾತಾಡುತ್ತಿದ್ದೇನೆ ಎಂದು ಕೇಳಿಸಿತಂತೆ. ಓಡಿ ಬಂದವರು ಹೊಡೆಯಲಿಲ್ಲ. "ಕ್ರೀಡಾ ಆದ ಮೇಲೆ ಉಸಿರು ತಗೊಂಡೆ ನೀನು. ನಾನು ಅಲ್ಲಿ ತಗೊಳ್ಳುದಿಲ್ಲ. ಅಭಿಮಾನಿ ಮುಗಿದ ಮೇಲೆ ತಗೊಳ್ಳುದು" ಎಂದು ತಿದ್ದಿದರು.

ಹೀಗೆ ಮೂರು ತಾಲೂಕಿಗೆ ಗೊತ್ತಿದ್ದ ಸ್ವರ ಕಳೆದ ವರ್ಷ ಒಡೆಯಲು ಶುರುವಾಯಿತು. ಮೊದಲು ಶೀತ ಎಂದರು, ಆಮೇಲೆ ಧೂಳು ಎಂದರು. ಮಂಗಳೂರಿನ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ ಬೇರೆಯದೇ ಹೆಸರು ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯ ಇಲ್ಲ, ಆದರೆ ಇನ್ನು ಮಾತು ಇಲ್ಲ. ಆಪರೇಶನ್ನಿಗೆ ಮೂರು ವಾರ ಬಿಟ್ಟು ಒಂದು ಗುರುವಾರ ನಿಗದಿ ಮಾಡಿದರು.

ಬರುವಾಗ ಬಸ್ಸಿನಲ್ಲಿ ಮಾಮ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು. ಏನಾದರೂ ತಮಾಷೆ ಮಾಡಬೇಕು ಎಂದು ನನ್ನ ನಾಲಿಗೆ ತುರಿಸುತ್ತಿತ್ತು. ಮಾಡಲಿಲ್ಲ. ಪುತ್ತೂರು ದಾಟಿದ ಮೇಲೆ ಅವರೇ ತಿರುಗಿದರು.

"ಮೋನೆ, ಮೂರು ವಾರ ಅಂದ್ರೆ ಎಷ್ಟು ಮಾತು ಆಗ್ತದೆ?"

"ನೀವು ಮಾತಾಡುವ ಲೆಕ್ಕದಲ್ಲಾ, ಮನುಷ್ಯರ ಲೆಕ್ಕದಲ್ಲಾ?"

"ತುಂಬಿಸಿ ಇಡ್ಲಿಕ್ಕೆ ಆಗುದಾ ಅಂತ ಕೇಳಿದ್ದು ಮಾರಾಯ. ಉಪ್ಪಿನಕಾಯಿ ಹಾಕಿ ಇಟ್ಟ ಹಾಗೆ."

ಮರುದಿನ ಅವರು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಪಟ್ಟಿ ಮಾಡಲು ಕುಳಿತರು. ಮಾತು ಹೋದ ಮೇಲೆ ಮನುಷ್ಯನಿಗೆ ಎಂತೆಂತ ಹೇಳಲಿಕ್ಕುಂಟು ಎಂಬ ಪಟ್ಟಿ. ಆಸ್ಪತ್ರೆಗೆ ಕನ್ನಡದಲ್ಲಿ, ನೆರೆಕರೆಗೆ ತುಳುವಿನಲ್ಲಿ, ಕಡಬದ ಹತ್ತಿರ ರಬ್ಬರ್ ಮಾಡಿಕೊಂಡಿರುವ ಹಳೆಯ ಗೆಳೆಯನಿಗೆ ಮಲಯಾಳದಲ್ಲಿ, ಮನೆಗೆ ಬ್ಯಾರಿಯಲ್ಲಿ. ನೀರು ಬೇಕು. ನೋವುಂಟು. ನೋವಿಲ್ಲ. ಬಾಗಿಲು ಹಾಕು. ಚಾ ಆಯ್ತಾ. ನಿಮ್ಮ ರಬ್ಬರಿಗೆ ಈಗ ಎಷ್ಟುಂಟು. ಒಟ್ಟು ನೂರ ಎಪ್ಪತ್ತೆರಡು. ಒಂದೊಂದನ್ನೂ ಅವರ ಸ್ವರದಲ್ಲಿ ತುಂಬಿಸಿ, ಕೊನೆಗೆ ಒಂದು ಫೋನಿಗೆ ಹಾಕಿ, ಒತ್ತಿದರೆ ಮಾತಾಡುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ನಾನು ಸುಳ್ಯದಲ್ಲಿ ಲ್ಯಾಪ್‌ಟಾಪ್ ರಿಪೇರಿಯ ಅಂಗಡಿಯಲ್ಲಿದ್ದೇನೆ. ಮಾತು ತುಂಬಿಸುವುದು ಎಂದರೆ ನನಗೆ ಎಡಗೈ ಕೆಲಸ ಎಂದುಕೊಂಡೆ.

ಫೋನಿನಲ್ಲೇ ರೆಕಾರ್ಡ್ ಮಾಡುವ ಎಂದದ್ದಕ್ಕೆ ಮಾಮ ಒಪ್ಪಲಿಲ್ಲ. "ಫೋನಿನಲ್ಲಿ ನನ್ನ ಸ್ವರ ಡಬ್ಬದ ಒಳಗೆ ಜೀರುಂಡೆ ಬಿಟ್ಟ ಹಾಗೆ ಕೇಳ್ತದೆ. ನನ್ನ ಮೈಕಿನಲ್ಲಿ ಹೇಳುದು. ಇಷ್ಟು ವರ್ಷ ಜೊತೆಗಿದ್ದದ್ದು, ಕೊನೆಗೆ ಅದನ್ನು ಬಿಡ್ಲಿಕ್ಕೆ ಆಗುದಿಲ್ಲ."

ಸರಿ, ಅವರ ಮೈಕು, ನಡುವೆ ಒಂದು ಸಣ್ಣ ಪೆಟ್ಟಿಗೆ, ಅದರಿಂದ ನನ್ನ ಲ್ಯಾಪ್‌ಟಾಪಿಗೆ. ಆ ಲ್ಯಾಪ್‌ಟಾಪ್ ಇಂಜಿನಿಯರಿಂಗ್ ಹುಡುಗನೊಬ್ಬ ಆಟ ಆಡಿ ಆಡಿ ಸುಸ್ತು ಮಾಡಿ ಮಾರಿಹೋದದ್ದು. ಮನೆ ಕಟ್ಟುವ ಕೆಂಪುಕಲ್ಲಿನಷ್ಟು ದಪ್ಪ. ಮಾಮಿ ಕೋಣೆಯ ಕಿಟಕಿ ಹಾಕಿ, ಗೋಡೆಗೆಲ್ಲ ಕಂಬಳಿ ನೇತುಹಾಕಿ, ರಸ್ತೆಯ ಸದ್ದು ಬರದ ಹಾಗೆ ಮಾಡಿಕೊಟ್ಟರು. ಸೀಲಿಂಗ್ ಫ್ಯಾನ್ ಹಾಕುವಂತಿಲ್ಲ, ಅದರ ಸದ್ದೂ ಮೈಕಿಗೆ ಬೀಳುತ್ತದೆ. ಮಾರ್ಚಿನ ಸೆಕೆ. ಕೋಣೆಯಲ್ಲಿ ನಾವಿಬ್ಬರು ಮತ್ತು ಆ ಕೆಂಪುಕಲ್ಲು ಮೂವರೂ ಬೆವರುತ್ತಾ ಕುಳಿತೆವು.

ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನ್ ಎದ್ದಿತು. ಸ್ವರದ ಹಿಂದಿನ ಗೊರಗೊರ ತೆಗೆಯಲು ನಾನು ಜೊತೆಗೆ ಓಡಿಸುತ್ತಿದ್ದ ಪ್ರೋಗ್ರಾಮ್ ಪ್ರೊಸೆಸರನ್ನು ಬೇಯಿಸುತ್ತಿತ್ತು. ಶಾಖ ತೊಂಬತ್ತಾರು ಡಿಗ್ರಿ. ಅಷ್ಟಕ್ಕೆ ಮುಟ್ಟಿದ ಮೇಲೆ ಯಂತ್ರ ತನ್ನನ್ನು ತಾನೇ ಉಳಿಸಿಕೊಳ್ಳಲು ನಿಧಾನವಾಗುತ್ತದೆ. ನಿಧಾನವಾದರೆ ಮಾತು ತುಂಡಾಗುತ್ತದೆ. ತಿರುಗಿ ಹಾಕಿ ಕೇಳಿದರೆ, ಹಿಂದಿನಿಂದ ಭತ್ತದ ಮಿಲ್ಲಿನ ಸದ್ದು, ಮುಂದಿನಿಂದ ಮಾಮ: "ನನಗೆ ನೀ... ಕು."

ಮಾಮ ನನ್ನ ಮುಖ ನೋಡಿದರು. "ಎಂತ ಮಾರಾಯ ಇದು? ಡಾಕ್ಟರು ಕುಯ್ಯುವ ಮೊದಲೇ ನಿನ್ನ ಮಿಷನ್ ನನ್ನ ಗಂಟಲು ಕುಯ್ಯುತ್ತದಲ್ಲಾ!"

ಇದಕ್ಕೆ ನಮ್ಮ ಅಂಗಡಿಯಲ್ಲಿ ಮದ್ದುಂಟು. ಅಂಡರ್‌ವೋಲ್ಟ್ ಮಾಡುವುದು. ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು. ಮಾಮನಿಗೆ ಅದನ್ನು ಹೀಗೆ ಬಿಡಿಸಿ ಹೇಳಿದೆ: "ಮದುವೆ ಮನೆಯಲ್ಲಿ ಬಿರಿಯಾನಿ ಬಡಿಸುವವ ಯಾರ ಹೊಟ್ಟೆ ಎಷ್ಟು ಅಂತ ಕೇಳ್ತಾನಾ? ಎಲ್ಲರಿಗೂ ಒಂದು ಸೌಟು ಜಾಸ್ತಿಯೇ. ಕಂಪೆನಿಯವರೂ ಹಾಗೆಯೇ. ಒಂದೊಂದು ಪ್ರೊಸೆಸರಿನ ಹಸಿವು ಒಂದೊಂದು ತರ. ಯಾವುದೂ ಬೀಳಬಾರದು ಅಂತ ಎಲ್ಲದಕ್ಕೂ ಜಾಸ್ತಿ ಬಡಿಸಿ ಕಳಿಸ್ತಾರೆ. ಆ ಜಾಸ್ತಿಯೇ ಶಾಖ ಆಗುದು."

"ನೀನು ಅದರ ತಟ್ಟೆಯಿಂದ ತೆಗೀತಿ."

"ಒಂದೊಂದು ತುತ್ತು. ಎಲ್ಲಿ ತಲೆ ತಿರುಗಿ ಬೀಳ್ತದೆ ನೋಡುದು. ಬಿದ್ದ ಮೇಲೆ ಸ್ವಲ್ಪ ತಿರುಗಿ ಕೊಡುದು."

ಮಾಮ ಲ್ಯಾಪ್‌ಟಾಪಿನ ಬಿಸಿ ಬೆನ್ನು ಮುಟ್ಟಿ ನೋಡಿದರು. "ನನಗೂ ಹಾಗೆಯೇ ಆದದ್ದಾ ಅಂತ. ಹಾರ್ನ್ ಇದ್ದೂ ಬೊಬ್ಬೆ ಹಾಕಿದೆ ನಾನು. ಶುರುವಿಗೆ ಆಂಪ್ಲಿಫೈಯರಿನಲ್ಲಿ ಶಕ್ತಿ ಇರಲಿಲ್ಲ, ಬೊಬ್ಬೆ ಹಾಕಬೇಕಿತ್ತು. ಒಳ್ಳೆಯದು ತಗೊಂಡ ಮೇಲೆಯೂ ಗಂಟಲಿಗೆ ಯಾರೂ ಹೇಳಲಿಲ್ಲ."

"ಡಾಕ್ಟರು ಬೀಡಿ ಅಂದ್ರಲ್ಲ ಮಾಮ?"

"ಬೀಡಿಯೂ ಉಂಟು" ಎಂದರು, ಪಾಲುದಾರನ ಹೆಸರು ಹೇಳುವವರ ಹಾಗೆ.

ಸುಳ್ಯದ ಅಂಗಡಿಗೆ ಲ್ಯಾಪ್‌ಟಾಪ್ ಕೊಂಡುಹೋಗಿ ಇಳಿಸಲು ಕುಳಿತೆ. ನಮ್ಮ ಧಣಿ ಈ ಕೆಲಸದಲ್ಲಿ ಎರಡು ನಿಯಮ ಇಟ್ಟಿದ್ದಾರೆ. ಯಂತ್ರ ಎಲ್ಲಿ ನಿಂತಿತೋ ಅಲ್ಲಿಂದ ಎರಡು ಮೆಟ್ಟಿಲು ಹಿಂದೆ ಬರಬೇಕು. ಎರಡನೆಯದು, ಭಾರ ಹಾಕಿ ಓಡಿಸಿ ನೋಡಿದ ಮೇಲೆ, ಏನೂ ಕೆಲಸ ಕೊಡದೆ ಒಂದು ಇಡೀ ದಿನ ಸುಮ್ಮನೆ ಕೂರಿಸಿಯೂ ನೋಡಬೇಕು. "ಓಡುವಾಗ ಬೀಳದ್ದು ನಿಂತಾಗ ಬೀಳ್ತದೆ ಮಾರಾಯ" ಎನ್ನುತ್ತಾರೆ. ಕೆಲಸ ಕಡಿಮೆಯಾದಾಗ ಪ್ರೊಸೆಸರ್ ತಾನಾಗಿಯೇ ಕಡಿಮೆ ವೋಲ್ಟೇಜಿಗೆ ಇಳಿಯುತ್ತದೆ. ನಾವು ಇಳಿಸಿದ್ದು ಅದರ ಮೇಲೆ ಸೇರಿಕೊಂಡರೆ ಉಸಿರಾಡಲು ಸಾಕಾಗದೆ ನಿಂತುಬಿಡುತ್ತದೆ. ಧಣಿ ಈ ಮಾತು ಹೇಳುವಾಗ ಕನ್ನಡಕವನ್ನು ಹಣೆಗೆ ಏರಿಸುವುದು, ತುಟಿ ಒತ್ತುವುದು ಎಲ್ಲ ನಾನು ಗಿರಾಕಿಗಳಿಗೆ ಮಾಡಿ ತೋರಿಸಿದ್ದೇನೆ. ಚಪ್ಪಾಳೆ ಬಿದ್ದಿದೆ. ಮಾಡಿ ತೋರಿಸುವ ಭರದಲ್ಲಿ ಮಾತು ಕಿವಿಗೆ ಇಳಿದಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹತ್ತು ಹತ್ತು ಮಿಲಿವೋಲ್ಟ್ ಇಳಿಸುತ್ತಾ ಹೋದೆ. ಐವತ್ತಕ್ಕೆ ಶಾಖ ತೊಂಬತ್ತರ ಕೆಳಗೆ ಬಂತು. ನೂರಕ್ಕೆ ಎಪ್ಪತ್ತೆಂಟು. ನೂರ ಮೂವತ್ತಕ್ಕೆ ಪರದೆ ನೀಲಿಯಾಗಿ ಬಿದ್ದಿತು. ಎರಡು ಮೆಟ್ಟಿಲು ಎಂದರೆ ನೂರ ಹತ್ತಕ್ಕೆ ಬರಬೇಕು. ನಾನು ನೂರ ಇಪ್ಪತ್ತರಲ್ಲಿ ನಿಲ್ಲಿಸಿದೆ. ಫ್ಯಾನ್ ಅಲ್ಲಿ ಬಹುತೇಕ ಏಳುತ್ತಲೇ ಇರಲಿಲ್ಲ, ಆ ಮೌನದ ಆಸೆಗೆ. ಮೂರು ಗಂಟೆ ಭಾರ ಹಾಕಿ ಓಡಿಸಿದೆ, ಅಲ್ಲಾಡಲಿಲ್ಲ. ಸುಮ್ಮನೆ ಕೂರಿಸಿ ನೋಡಲು ಒಂದು ದಿನ ಬೇಕು. ಮಾಮನ ಕೈಯಲ್ಲಿ ಉಳಿದದ್ದೇ ಹದಿನೈದು ದಿನ, ಅದರಲ್ಲಿ ಒಂದನ್ನು ಯಂತ್ರಕ್ಕೆ ಏಕೆ ಕೊಡುವುದು ಎಂದುಕೊಂಡು ಬ್ಯಾಗಿಗೆ ತುಂಬಿಸಿ ಕುಂಬ್ರದ ಬಸ್ ಹತ್ತಿದೆ.

ಆಮೇಲಿನ ಹತ್ತು ಹನ್ನೆರಡು ದಿನ ನನ್ನ ಜೀವನದಲ್ಲೇ ನಾನು ಅತಿ ಕಡಿಮೆ ಮಾತಾಡಿದ ದಿನಗಳು. ಮಧ್ಯಾಹ್ನ ಅಂಗಡಿಯಿಂದ ಬಿಡಿಸಿಕೊಂಡು ಬರುವುದು, ಕಂಬಳಿ ಕೋಣೆಯಲ್ಲಿ ಕೂರುವುದು, ಮಾಮ ಹೇಳುವುದು, ನಾನು ತುಂಬಿಸುವುದು. ಲ್ಯಾಪ್‌ಟಾಪ್ ಬೆಕ್ಕಿನ ಮರಿಯ ಹಾಗೆ ಬೆಚ್ಚಗೆ, ಸುಮ್ಮಗೆ. ಒಂದು ಅಕ್ಷರವೂ ತುಂಡಾಗಲಿಲ್ಲ. ಆದರೆ ಮಾಮನಿಗೆ ಸಣ್ಣ ಸ್ವರದಲ್ಲಿ ಹೇಳಲು ಬರುತ್ತಿರಲಿಲ್ಲ. ಮೈಕ್ ಕಂಡ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು. "ನನಗೆ ನೀರು ಬೇಕು" ಎನ್ನುವುದು ಸಾರ್ವಜನಿಕರ ಗಮನಕ್ಕೆ ತಂದ ಹಾಗಿರುತ್ತಿತ್ತು. "ತಲೆದಿಂಬು ಸರಿ ಮಾಡು" ಎಂದರೆ ಉದ್ಘಾಟನಾ ಸಮಾರಂಭ. ಬಾಗಿಲ ಹೊರಗಿಂದ ಮಾಮಿ ಕೇಳುತ್ತಿದ್ದರು, "ಎಷ್ಟು ಗಂಟೆಗೆ ಸರಿ ಮಾಡುದು ಅಂತಲೂ ಹೇಳ್ಲಿಕ್ಕೆ ಹೇಳು ಮೋನೆ, ಜನ ಸೇರ್ಲಿಕ್ಕುಂಟು." ಮಾಮ ನಗುತ್ತಿದ್ದರು, ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ನಾವು ಮೂವರೂ ಸುಮ್ಮನಾಗುತ್ತಿದ್ದೆವು.

ಅವರಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ, ರಜೆಯಲ್ಲಿ ನಾನು.

ನೂರ ಎಪ್ಪತ್ತೆರಡೂ ಮುಗಿದದ್ದು ಆಪರೇಶನ್ನಿನ ಹಿಂದಿನ ಭಾನುವಾರ. ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಮಾಮ ಕೈ ಹಿಡಿದರು.

"ಇನ್ನು ಸ್ವಲ್ಪ ಉಂಟು. ಪಟ್ಟಿಯಲ್ಲಿ ಇಲ್ಲದ್ದು. ನೀನು ಶುರು ಮಾಡಿ ಕೊಟ್ಟು ಹೊರಗೆ ಹೋಗು."

"ಎಂತ ಮಾಮ, ನನಗೆ ಕೇಳಬಾರದ್ದಾ?"

"ನಿನ್ನ ಮಾಮಿಗೆ. ನಿನಗೆ ಕೇಳಿದ್ರೆ ನೀನು ನಾಳೆಯೇ ಮಾಡಿ ತೋರಿಸ್ತಿ."

ಅದು ನಿಜವಾಗಿತ್ತು, ಹಾಗಾಗಿ ನಕ್ಕೆ. ಇಷ್ಟು ಮುಖ್ಯವಾದದ್ದಕ್ಕೆ ಕೋಣೆ ಇನ್ನೂ ನಿಶ್ಶಬ್ದವಾಗಿರಲಿ ಎಂದು ಗೊರಗೊರ ತೆಗೆಯುವ ಪ್ರೋಗ್ರಾಮನ್ನು ಬಂದ್ ಮಾಡಿದೆ. ಅದನ್ನು ಆಮೇಲೂ ಮಾಡಬಹುದು. ಈಗ ಲ್ಯಾಪ್‌ಟಾಪಿಗೆ ಕೆಲಸ ಎಂಬುದೇ ಇರಲಿಲ್ಲ, ಸುಮ್ಮನೆ ಕೇಳುತ್ತಾ ಕೂರುವುದೊಂದೇ. ಕೆಂಪು ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು ಮನೆಯೆದುರಿನ ಸಿಟೌಟಿಗೆ ಬಂದೆ. ಮಾಮಿ ಅಲ್ಲಿ ಅಕ್ಕಿ ಹೆಕ್ಕುತ್ತಿದ್ದರು. ಒಳಗಿಂದ ಏನೂ ಕೇಳಿಸಲಿಲ್ಲ. ಮಾಮ ಮೈಕ್ ಹಿಡಿದಿದ್ದಾರೆ, ಆದರೂ ಏನೂ ಕೇಳಿಸುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಸತು. ಮಾಮಿ ಒಮ್ಮೆ ಬಾಗಿಲ ಕಡೆ ನೋಡಿ ತಿರುಗಿ ಅಕ್ಕಿಗೆ ತಲೆ ಬಗ್ಗಿಸಿದರು.

ಮುಕ್ಕಾಲು ಗಂಟೆಯ ಮೇಲೆ ಮಾಮ ಹೊರಗೆ ಬಂದರು. ಅಂಗಿ ಬೆವರಿಗೆ ಮೈಗಂಟಿತ್ತು. ಸ್ವರ ಪೂರ್ತಿ ಸವೆದು, ಗಾಳಿಯೇ ಹೆಚ್ಚು ಬರುತ್ತಿತ್ತು. "ಆಯ್ತು. ಹೋಗಿ ಬಂದ್ ಮಾಡು."

ಒಳಗೆ ಹೋದೆ. ಪರದೆಯಲ್ಲಿ ಎಲ್ಲವೂ ಇತ್ತು. ಕೆಂಪು ಗುಂಡಿ, ಸ್ವರದ ಏರಿಳಿತದ ಹಸಿರು ಗೆರೆ. ಗೆರೆ ನಿಂತಲ್ಲೇ ನಿಂತಿತ್ತು. ಮೂಲೆಯ ಗಡಿಯಾರದಲ್ಲಿ ನಾಲ್ಕು ಹನ್ನೆರಡು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ. ಮೌಸ್ ಅಲ್ಲಾಡಿಸಿದೆ. ಯಾವ ಗುಂಡಿ ಒತ್ತಿದರೂ ಏನೂ ಇಲ್ಲ. ಬಿದ್ದದ್ದು ನೀಲಿಯಾಗಿ ಬಿದ್ದಿದ್ದರೆ ಮಾಮ ಕೂಡಲೇ ನನ್ನನ್ನು ಕರೆಯುತ್ತಿದ್ದರು. ಇದು ಎಚ್ಚರವಾಗಿ ಇರುವವರ ಹಾಗೆ ಕಣ್ಣು ತೆರೆದುಕೊಂಡೇ ಸತ್ತಿತ್ತು. ನಾನು ಹೊರಗೆ ಕುಳಿತ ಅಷ್ಟೂ ಹೊತ್ತು ಮಾಮ ಅದಕ್ಕೆ ಮಾತಾಡಿದ್ದರು.

"ಉಳೀತಾ?" ಬಾಗಿಲಲ್ಲಿ ಮಾಮ ನಿಂತಿದ್ದರು.

"ಉಳೀತು ಮಾಮ."

ಈ ಎರಡು ಶಬ್ದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದರೆ ಯಾರದೋ ಮಿಮಿಕ್ರಿ ಮಾಡಿದ ಹಾಗೆ. ಈಗ ಅವರಿಗೆ ಹೇಳಿದರೆ ಈಗಲೇ ತಿರುಗಿ ಶುರು ಮಾಡುತ್ತಾರೆ, ಆ ಗಂಟಲಿನಲ್ಲಿ ಇವತ್ತು ಇನ್ನೇನೂ ಉಳಿದಿಲ್ಲ, ನಾಳೆ ಬೆಳಗ್ಗೆ ಸುಧಾರಿಸಿದ ಮೇಲೆ ಯಾವುದಾದರೂ ನೆಪ ಹೇಳಿ ಇನ್ನೊಮ್ಮೆ ಮಾಡಿಸುವುದು. ಹೀಗೆ ಲೆಕ್ಕ ಹಾಕಿದೆ. ಪಕ್ಕದಲ್ಲಿ ನನ್ನದೇ ಫೋನ್ ಇಟ್ಟು ಹೋಗಿದ್ದರೆ ಸಾಕಿತ್ತು, ಜೀರುಂಡೆಯ ಹಾಗಾದರೂ ಉಳಿಯುತ್ತಿತ್ತು ಎಂಬುದು ಸುಳ್ಯಕ್ಕೆ ತಿರುಗಿ ಹೋಗುವ ಬಸ್ಸಿನಲ್ಲಿ ಹೊಳೆಯಿತು.

ಸೋಮವಾರ ಬೆಳಗ್ಗೆ ಮಾಮಿಯ ಫೋನ್. ಮಾಮನಿಗೆ ಉಸಿರು ಸಿಕ್ಕುವುದಿಲ್ಲ. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕೊಂಡುಹೋದರು. ಗಡ್ಡೆ ಉಸಿರಿನ ದಾರಿಗೆ ಅಡ್ಡ ಬಂದಿತ್ತು. ಮಧ್ಯಾಹ್ನದೊಳಗೆ ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಟ್ಟರು. ನಾನು ಅಲ್ಲಿಗೆ ಮುಟ್ಟುವಾಗ ಮಾಮ ಮಲಗಿದ್ದರು, ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಗಾಳಿ ಕುತ್ತಿಗೆಯಿಂದ ಹೋಗುತ್ತಿತ್ತು. ಗುರುವಾರದ ಆಪರೇಶನ್ ಗುರುವಾರವೇ ಆಯಿತು. ಭಾನುವಾರ ಕೇಳಿದ ಆ ಎರಡು ಮೂರು ಮಾತೇ ಮಾಮನಿಂದ ನಾನು ಕೇಳಿದ ಕೊನೆಯವು. ಮಾಮಿಗೆ ರಾತ್ರಿ ಇನ್ನೊಂದು ಮಾತು ಸಿಕ್ಕಿತ್ತು. ಆಸ್ಪತ್ರೆಯ ವರಾಂಡದಲ್ಲಿ ಅದನ್ನು ನನಗೆ ಹೇಳಿದರು.

"ನನಗೆ ಅಂತ ನಿನ್ನ ಪೆಟ್ಟಿಗೆಯಲ್ಲಿ ಎಂತದೋ ಹೇಳಿ ಇಟ್ಟಿದ್ದಾರಂತೆ ಮೋನೆ. ಎಲ್ಲ ಮುಗಿದು ಮನೆಗೆ ಬಂದ ಮೇಲೆ ಕೇಳು ಅಂದ್ರು. ಈಗಲೇ ಕೇಳಬಾರದಂತೆ." ಅದರ ಹಿಂದೆಯೇ, "ಇಷ್ಟು ವರ್ಷದಲ್ಲಿ ನನಗೆ ಅಂತ ಒಂದು ಅನೌನ್ಸ್‌ಮೆಂಟ್" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಕ್ಕದ್ದೋ, ಅಲ್ಲವೋ.

ಅಂಗಡಿಗೆ ಹೋಗಿ ಆ ಫೈಲನ್ನು ತೆಗೆಯಲು ಗೊತ್ತಿದ್ದದ್ದೆಲ್ಲ ಮಾಡಿದೆ. ಸಿಕ್ಕಿದ್ದು ಹದಿನೆಂಟು ಸೆಕೆಂಡು. ಕುರ್ಚಿ ಎಳೆದ ಸದ್ದು, ಗಂಟಲು ಸರಿ ಮಾಡಿಕೊಂಡದ್ದು, ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಬ್ಯಾರಿಯಲ್ಲಿ ಒಂದು ಮಾತು. ಕನ್ನಡದಲ್ಲಿ ಹೇಳುವುದಾದರೆ, "ಕೇಳ್ತಾ ಇದ್ದೀಯಾ?" ಅಲ್ಲಿಗೆ ಮುಗಿಯಿತು.

ಧಣಿ ಹಿಂದಿನಿಂದ ಬಂದು ಪರದೆ ನೋಡಿದರು. "ಎಷ್ಟರಲ್ಲಿ ನಿಲ್ಲಿಸಿದ್ದೆ?"

"ನೂರ ಇಪ್ಪತ್ತು."

"ಸುಮ್ಮನೆ ಕೂರಿಸಿ ನೋಡಿದ್ಯಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಕನ್ನಡಕ ಹಣೆಗೆ ಏರಿಸಲಿಲ್ಲ, ತುಟಿ ಒತ್ತಲಿಲ್ಲ. ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.

ಅದರ ಮರುದಿನ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈಕ್ ಹಚ್ಚಿ, ಮಾಮನ ಸ್ವರದಲ್ಲಿ ಮಾಮಿಗೆ ಮಾತಾಡಿದೆ. ಇಷ್ಟು ವರ್ಷ ಚೆನ್ನಾಗಿ ನೋಡಿಕೊಂಡೆ, ಹೆದರಬೇಡ, ನಾನಿದ್ದೇನೆ, ಇಂಥದ್ದೇ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೋ ಅಲ್ಲೇ ತೆಗೆದುಕೊಂಡೆ. ತಿರುಗಿ ಕೇಳಿದರೆ ಮಾಮನೇ. ಮೂರು ತಾಲೂಕಿನಲ್ಲಿ ಯಾರೂ ಅಲ್ಲ ಎನ್ನುವಂತಿರಲಿಲ್ಲ. ಆಮೇಲೆ ಆ ಹದಿನೆಂಟು ಸೆಕೆಂಡನ್ನು ಹಾಕಿದೆ.

ಅದು ನನಗೆ ಗೊತ್ತಿಲ್ಲದ ಮನುಷ್ಯನ ಸ್ವರ. ಸಣ್ಣದು, ಸ್ವಲ್ಪ ಮೇಲಿನದು, ಕೊನೆಯಲ್ಲಿ ಹೆದರಿಕೆಯ ಹಾಗೆ ಏನೋ ಒಂದು. ಹನ್ನೆರಡನೇ ವಯಸ್ಸಿನಿಂದ ಮಾಮನನ್ನು ಕಲಿತವನು ನಾನು. ಕಲಿತದ್ದೆಲ್ಲ ರಸ್ತೆಯಲ್ಲಿ. ಬಾಗಿಲು ಹಾಕಿದ ಮೇಲೆ ಅವರು ಮಾಮಿಯನ್ನು ಹೇಗೆ ಮಾತಾಡಿಸುತ್ತಿದ್ದರು ಎಂಬುದು ನನ್ನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಆ ಸ್ವರವನ್ನು ಹಿಡಿಯಲು ಇಪ್ಪತ್ತು ಸಲ ನೋಡಿದೆ. ಪ್ರತಿ ಸಲವೂ ಮಾಮಿಗೆ ರಕ್ತದಾನ ಶಿಬಿರಕ್ಕೆ ಕರೆ ಕೊಟ್ಟ ಹಾಗೆ ಆಗುತ್ತಿತ್ತು. ಎಲ್ಲವನ್ನೂ ಅಳಿಸಿದೆ.

ಮೂರು ವಾರ ಕಳೆದು ಮಾಮ ಮನೆಗೆ ಬಂದರು. ತೆಳ್ಳಗಾಗಿದ್ದರು. ಕುತ್ತಿಗೆಯ ತೂತಿಗೆ ಮಾಮಿ ಬಿಳಿ ಬಟ್ಟೆಯ ಸಣ್ಣ ಪರದೆ ಹೊಲಿದು ಕಟ್ಟಿದ್ದರು. ನಾನು ನೂರ ಎಪ್ಪತ್ತೆರಡು ಮಾತು ತುಂಬಿಸಿದ ಫೋನ್ ಕೈಗೆ ಕೊಟ್ಟೆ. ಮಾಮ ಕಣ್ಣು ಕಿರಿದು ಮಾಡಿ ಹುಡುಕಿ ಒಂದನ್ನು ಒತ್ತಿದರು. "ನನಗೆ ನೀರು ಬೇಕು" ಎಂದು ಮನೆಯಿಡೀ ಮೊಳಗಿತು. ಪಕ್ಕದ ಮನೆಯವರು ಓಡಿ ಬಂದು ಜಗಲಿಯ ಕೆಳಗೆ ನಿಂತು, "ಮಾರಾಯ್ರೆ, ಸ್ವರ ತಿರುಗಿ ಬಂತಾ?" ಎಂದು ತುಳುವಿನಲ್ಲಿ ಕೇಳಿದರು. ಮಾಮ ತುಳುವಿನ ಸಾಲಿಗೆ ಹೋಗಿ "ಈಗ ಆರಾಮ" ಒತ್ತಿದರು. ಬಂದವರು ನಗುತ್ತಾ, ಕಣ್ಣು ಒರೆಸುತ್ತಾ ಹೋದರು.

ಆಮೇಲೆ ಮಾಮಿ ಕೈ ತೊಳೆದು, ಸೆರಗು ತಲೆಗೆ ಸರಿ ಮಾಡಿ, ಮಾಮನ ಹತ್ತಿರದ ಕುರ್ಚಿಯಲ್ಲಿ ಬಂದು ಕುಳಿತರು. "ಇನ್ನು ನನ್ನದು ಹಾಕು ಮೋನೆ."

"ಇಲ್ಲ ಮಾಮಿ" ಎಂದೆ. "ನಿಮ್ಮದು ಉಳಿಯಲಿಲ್ಲ."

ಶುರುವಿನಿಂದ ಹೇಳಿದೆ. ನೂರ ಇಪ್ಪತ್ತು, ಒಂದು ಮೆಟ್ಟಿಲು, ಸುಮ್ಮನೆ ಕೂರಿಸದೆ ಇದ್ದದ್ದು, ನಿಂತ ಗಡಿಯಾರ, ಉಳೀತು ಎಂದು ಸುಳ್ಳು ಹೇಳಿದ್ದು. ಹಿಂದಿನ ಕೋಣೆಯಲ್ಲಿ ಮಾಡಿ ಅಳಿಸಿದ್ದನ್ನೂ ಹೇಳಿದೆ. ಹೇಳುವಾಗ ಯಾರ ಸ್ವರವೂ ನೆರವಿಗೆ ಬರಲಿಲ್ಲ.

ಮಾಮನ ಮುಖ ಕೆಂಪಾಯಿತು. ಕುತ್ತಿಗೆಯ ಬಟ್ಟೆ ಜೋರಾಗಿ ಒಳಗೆ ಹೊರಗೆ ಹೋಗುತ್ತಿತ್ತು. ಫೋನ್ ಎತ್ತಿಕೊಂಡು ಪಟ್ಟಿಯಲ್ಲಿ ಹುಡುಕಿದರು. ಕೆಳಗೆ ಹೋದರು, ಮೇಲೆ ಬಂದರು, ಕನ್ನಡ, ತುಳು, ಬ್ಯಾರಿ, ಮಲಯಾಳ. ನನಗೆ ಆಗ ಗೊತ್ತಾಯಿತು. ನಾವು ಒಂದೇ ಒಂದು ಬೈಗುಳವನ್ನೂ ತುಂಬಿಸಿರಲಿಲ್ಲ. ಸಿಟ್ಟಿಗೆ ಮಾತು ಬೇಕಾದೀತು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕೊನೆಗೆ ಅವರು ಒಂದನ್ನು ಒತ್ತಿದರು. "ನೋವುಂಟು" ಎಂದಿತು, ಡಾಕ್ಟರಿಗೆಂದು ತುಂಬಿಸಿದ್ದು, ಸಾರ್ವಜನಿಕರ ಗಮನಕ್ಕೆ ಎಂಬ ಸ್ವರದಲ್ಲಿ.

ಮೂವರೂ ನಗಲಿಲ್ಲ.

"ಎಂತದೂ ಉಳೀಲಿಲ್ವಾ?" ಮಾಮಿ ಕೇಳಿದರು.

ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಆ ಹದಿನೆಂಟು ಸೆಕೆಂಡನ್ನು ಹಾಕಿದೆ. ಕುರ್ಚಿ. ಗಂಟಲು. ಮೌನ. ಕೇಳ್ತಾ ಇದ್ದೀಯಾ?

ಮಾಮಿ ಲ್ಯಾಪ್‌ಟಾಪಿನ ಕಡೆ ನೋಡಲೇ ಇಲ್ಲ. ಮಾಮನ ಮುಖ ನೋಡುತ್ತಿದ್ದರು. "ಹಾಂ" ಎಂದರು ಮಾಮನಿಗೆ, ಮೆಲ್ಲಗೆ. "ಕೇಳ್ತಾ ಇದ್ದೇನೆ. ಹೇಳಿ."

ಮಾಮ ಎದ್ದು ಹೋಗಿ ಆ ಇನ್ನೂರು ಪುಟದ ನೋಟ್‌ಬುಕ್ ತಂದರು. ನಮ್ಮ ಬ್ಯಾರಿ ಮಾತನ್ನು ನಾವು ಕನ್ನಡ ಅಕ್ಷರದಲ್ಲೇ ಬರೆಯುವುದು. ತೊಡೆಯ ಮೇಲೆ ಇಟ್ಟುಕೊಂಡು, ಪೋಸ್ಟರಿನ ಅಕ್ಷರದ ಹಾಗೆ ದಪ್ಪ ದಪ್ಪ ಬರೆಯುತ್ತಾ ಹೋದರು. ನಡುವೆ ನಿಲ್ಲಿಸಿ ಮೇಲೆ ನೋಡುವುದು, ತಿರುಗಿ ಬರೆಯುವುದು. ಒಂದು ಹಾಳೆಯ ಎರಡೂ ಬದಿ ತುಂಬಿತು. ಹರಿದು ಮಾಮಿಯ ಕೈಗೆ ಕೊಟ್ಟರು.

ಮಾಮಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅರಬಿ ಓದುವಾಗ ನಾಲಿಗೆ ಓಡುತ್ತದೆ. ಕನ್ನಡ ಬಸ್ಸಿನ ಬೋರ್ಡಿನಿಂದ ಆಚೆಗೆ ಹೋಗಿದ್ದಿಲ್ಲ. ಹಾಳೆಯನ್ನು ಒಮ್ಮೆ ನೋಡಿ ನನಗೆ ಚಾಚಿದರು. "ಓದು."

ನಾನು ಮೊದಲ ಶಬ್ದ ಓದಿದೆ. ನಾನು ಬೇಕೆಂದು ಮಾಡಿದ್ದಲ್ಲ, ಅದು ಮಾಮನ ಸ್ವರದಲ್ಲೇ ಹೊರಗೆ ಬಂತು, ಉದ್ಘಾಟನೆಯ ಗತ್ತಿನಲ್ಲಿ. ಮಾಮಿಯ ಅಂಗೈ ಹಾಳೆಯ ಮೇಲೆ ಬಿತ್ತು.

"ಬೇಡ. ಕೊಡು ಇಲ್ಲಿ. ನಾನೇ ಓದುದು."

"ಮಾಮಿ, ಇನ್ನು ಮಾಡುದಿಲ್ಲ, ಸರಿಯಾಗಿ ಓದ್ತೇನೆ..."

"ನಿನಗೆ ಬರೆದದ್ದಲ್ಲ ಮೋನೆ." ಸಿಟ್ಟಿನಿಂದ ಹೇಳಿದ್ದಲ್ಲ. ಬಾಗಿಲು ಮೆಲ್ಲಗೆ ಎಳೆದುಕೊಂಡ ಹಾಗೆ ಹೇಳಿದ್ದು.

ಬೆಳಕು ಚೆನ್ನಾಗಿದ್ದ ಸಿಟೌಟಿನ ಮೆಟ್ಟಿಲ ಮೇಲೆ ಕುಳಿತು ಅವರು ಓದಲು ಶುರು ಮಾಡಿದರು. ಮಾಮ ಹಿಂದೆ ಕುರ್ಚಿಯಲ್ಲಿ. ಬೆರಳು ಒಂದೊಂದು ಅಕ್ಷರದ ಕೆಳಗೆ ನಿಲ್ಲುತ್ತಿತ್ತು, ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು, ಮತ್ತೆ ಬೆರಳು ಮುಂದಕ್ಕೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನ್ನನ್ನು ಕರೆಯುತ್ತಿದ್ದರು. ಹೋದರೆ, ಮೇಲಿನ ಕೆಳಗಿನ ಸಾಲನ್ನೆಲ್ಲ ಎರಡು ಕೈಯಲ್ಲಿ ಮುಚ್ಚಿ, ನಡುವೆ ಒಂದೇ ಶಬ್ದ ಕಾಣುವ ಹಾಗೆ ಹಿಡಿದು, "ಇದು ಎಂತ?" ಎನ್ನುವರು. ನಾನು ಹೇಳುವುದು, ಅವರು "ಹಾಂ" ಎನ್ನುವುದು, ನಾನು ಅಂಗಳದ ಆಚೆ ತುದಿಗೆ ಹೋಗಿ ನಿಲ್ಲುವುದು. ಹೀಗೆ ನನಗೆ ಸಿಕ್ಕಿದ್ದು ಮೂರು ಶಬ್ದ. ಒಂದಕ್ಕೆ ಕನ್ನಡದಲ್ಲಿ ಕೊಡೆ ಎನ್ನಬಹುದು. ಇನ್ನೊಂದು ಒಂದು ಬಸ್ ಸ್ಟಾಪಿನ ಹೆಸರು. ಮೂರನೆಯದು, ತಪ್ಪಾಯಿತು ಎನ್ನಲು ನಾವು ಬಳಸುವ ಶಬ್ದ.

ಮಾಮಿ ಹಾಳೆ ಮಗುಚಿದರು. ಎರಡನೇ ಬದಿಯಲ್ಲಿ ಅವರು ನನ್ನನ್ನು ಒಂದು ಶಬ್ದಕ್ಕೂ ಕರೆಯಲಿಲ್ಲ.